ಮೊದಲು ಮೂಕಿ ಬೆಟ್ಸ್, ಆಮೇಲೆ ಡೆವರ್ಸ್: ತಪ್ಪು ಆಟಗಾರಂದಾ, ರೆಡ್ ಸಾಕ್ಸ್‌ದಾ?

ಶ್ರೂಸ್‌ಬರಿ ಸುಬ್ಬಣ್ಣ:
ಅಮೆರಿಕದ ಬೇಸ್‌ಬಾಲ್ ಲೀಗ್‌ನ 2025ರ ಸೀಸನ್ ಮುಗೀತು, ಕಪ್ ಗೆದ್ದ ಡಾಡ್ಜರ್ಸ್ ಮೆರವಣಿಗೇನೂ ಆಯ್ತು. ನನಗೆ ಮಾತ್ರ 2025ರ ಜೂನ್ 15 ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ. ಅವತ್ತು ಮಧ್ಯಾಹ್ನ ನಾವು, ಅಂದ್ರೆ ಬಾಸ್ಟನ್ ರೆಡ್ ಸಾಕ್ಸ್, ನಮ್ಮ ಮೈದಾನ ಫೆನ್‌ವೇನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ 2-0 ಸೋಲಿಸಿ ಮೂರಕ್ಕೆ ಮೂರೂ ಪಂದ್ಯ ಗೆದ್ದಿದ್ವಿ. ನಮ್ಮ ರಫಾಯೆಲ್ ಡೆವರ್ಸ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದಿದ್ದ. ಕೆಲವೇ ಗಂಟೆ ಕಳೀತು, ಅವನನ್ನ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಟ್ರೇಡ್ ಮಾಡಿದ, ಅಂದ್ರೆ ಬೇರೆ ಆಟಗಾರರಿಗೆ ಬದಲಾಗಿ ಕೊಟ್ಟ ಸುದ್ದಿ ಬಂತು.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಡೊಮಿನಿಕನ್ ರಿಪಬ್ಲಿಕ್‌ನ ಹುಡುಗ, ಹದಿನಾರನೇ ವಯಸ್ಸಿಗೇ ನಮ್ಮ ಕ್ಲಬ್ ಸೇರಿದವನು. 2018ರಲ್ಲಿ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಗೆದ್ದ ತಂಡದಲ್ಲಿದ್ದ. 2023ರ ಜನವರೀಲಿ 10 ವರ್ಷಕ್ಕೆ 31.35 ಕೋಟಿ ಡಾಲರ್ ಒಪ್ಪಂದ ಆಯ್ತು. ಥರ್ಡ್ ಬೇಸ್ ಕಾಯೋ ಫೀಲ್ಡಿಂಗ್ ಜಾಗ ನಿಂದೇ ಅಂತ ಆಗ ಹೇಳಿದ್ರು ಅನ್ನೋದು ಅವನ ಮಾತು. 2025ರ ಫೆಬ್ರವರೀಲಿ ಅದೇ ಜಾಗಕ್ಕೆ ಅಲೆಕ್ಸ್ ಬ್ರೆಗ್ಮನ್‌ನ ತಂದ್ರು, ಇವನಿಗೆ ಗ್ಲೌಸ್ ಎತ್ತಿಡು, ಬರೀ ಬ್ಯಾಟಿಂಗ್ ಮಾಡು ಅಂದ್ರು. ಮೇ 2ಕ್ಕೆ ಫಸ್ಟ್ ಬೇಸ್ ಆಡ್ತಿದ್ದ ಟ್ರಿಸ್ಟನ್ ಕಸಾಸ್ ಮಂಡಿ ಹೋಯ್ತು. ಆಗ ಇವನನ್ನೇ ಕರೆದು, ಫಸ್ಟ್ ಬೇಸ್ ಆಡ್ತೀಯಾ ಅಂದ್ರು. ಆಗಲ್ಲ ಅಂದ. ತಿಂಗಳು ಚಿಲ್ಲರೆ ಆಗೋಷ್ಟರಲ್ಲಿ ಗೇಟ್‌ಪಾಸ್.

ನನ್ನ ಪ್ರಕಾರ ಮಾತಿಗೆ ತಪ್ಪಿದ್ದು ಕ್ಲಬ್. 2020ರಲ್ಲಿ ನಮ್ಮ ದೊಡ್ಡ ಆಟಗಾರ ಮೂಕಿ ಬೆಟ್ಸ್‌ನ ಡಾಡ್ಜರ್ಸ್‌ಗೆ ಕಳಿಸಿದಾಗಲೇ ಇವರ ಬುದ್ಧಿ ಗೊತ್ತಾಗಬೇಕಿತ್ತು. ನಿಮಗೇನನ್ಸುತ್ತೆ?

ಸನ್ನಿವೇಲ್ ಗೌಡ:
ಸುಬ್ಬಣ್ಣ ಸರ್, ನಿಮ್ಮ ನೋವು ಅರ್ಥ ಆಗುತ್ತೆ, ಆದ್ರೆ ನಮ್ಮ ಮನೇಲಿ ಅವತ್ತು ಹಬ್ಬ. ಬಾರಿ ಬಾಂಡ್ಸ್ ಹೋದಮೇಲೆ ಜೈಂಟ್ಸ್‌ಗೆ ಇಂಥ ಬ್ಯಾಟ್ಸ್‌ಮನ್ ಬಂದಿರಲಿಲ್ಲ. ಬಸ್ಟರ್ ಪೋಸಿ ಆಡಳಿತದ ಕುರ್ಚಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ಇಂಥ ದೊಡ್ಡ ಬೇಟೆ ಹೊಡೆದ್ರು. ಉಳಿದ ಸಂಬಳ 25 ಕೋಟಿ ಡಾಲರ್‌ಗಿಂತ ಜಾಸ್ತಿ ಇತ್ತು, ಅಷ್ಟೂ ನಮ್ಮ ತಲೆ ಮೇಲೇ.

ಮತ್ತೆ ಕೇಳಿ, ಇಲ್ಲಿ ಬಂದವನು ಜುಲೈನಲ್ಲಿ ಗ್ಲೌಸ್ ಹಾಕ್ಕೊಂಡು ಫಸ್ಟ್ ಬೇಸ್‌ನಲ್ಲಿ ನಿಂತ. ಅದೇ ಫಸ್ಟ್ ಬೇಸ್!

ಎಡಿಸನ್ ಅಕ್ಕ:
ಗೌಡ್ರೇ, ನಿಮ್ಮ ಕೊನೇ ಸಾಲೇ ಸುಬ್ಬಣ್ಣನ ಪ್ರಶ್ನೆಗೆ ಉತ್ತರ. ಬಾಸ್ಟನ್‌ನಲ್ಲಿ ಆಗಲ್ಲ ಅಂದಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೇಗೆ ಆಯ್ತು? ಅಂದ್ರೆ ಕೈಲಾಗದೆ ಅಲ್ಲ, ಮನಸ್ಸಿಲ್ಲದೆ ಬೇಡ ಅಂದಿದ್ದು. ನಾನು ಯಾಂಕೀಸ್ ಕಡೆಯವಳು, ಡೆವರ್ಸ್ ನಮ್ಮ ಮೇಲೆ ಎಷ್ಟು ಹೊಡೆದಿದ್ದಾನೆ ಅಂತ ನನಗೆ ಗೊತ್ತು, ಹೋಗಿದ್ದಕ್ಕೆ ನೆಮ್ಮದಿನೇ. ಆದ್ರೂ ನ್ಯಾಯ ನ್ಯಾಯಾನೇ. 31 ಕೋಟಿ ಡಾಲರ್ ತಗೊಂಡವನು ತಂಡಕ್ಕೆ ಪೆಟ್ಟಾದಾಗ ಒಂದು ಹೆಜ್ಜೆ ಮುಂದೆ ಬರಬೇಕು.

ಶ್ರೂಸ್‌ಬರಿ ಸುಬ್ಬಣ್ಣ:
ಅಕ್ಕಾ, ಆ ಹೆಜ್ಜೆ ಇಡೋಕೆ ಮುಂಚೆ ಅವನ ಹತ್ರ ಹೇಗೆ ನಡ್ಕೊಂಡ್ರು ಅನ್ನೋದೂ ನೋಡ್ಬೇಕಲ್ವಾ. ಬ್ರೆಗ್ಮನ್‌ನ ತರೋ ಮುಂಚೆ ಒಂದು ಮಾತು ಕರೆದು ಕೂರಿಸಿ ಹೇಳಿದ್ದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ಆಟಗಾರನ ಮರ್ಯಾದೆ ಕಳೆದು ಆಮೇಲೆ ಸಹಾಯ ಕೇಳಿದ್ರೆ ಯಾರು ಮಾಡ್ತಾರೆ?

ಜಯನಗರ 4ನೇ ಬ್ಲಾಕ್:
ಬೆಂಗಳೂರಿಂದ ನಮಸ್ಕಾರ. ಬಾಸ್ಟನ್ ಸಂಜೆ ಪಂದ್ಯ ಅಂದ್ರೆ ನಮಗೆ ಬೆಳಗಿನ ಜಾವ 4:40. ಕಾಫಿ ಡಿಕಾಕ್ಷನ್ ಇಳಿಯೋ ಹೊತ್ತಿಗೆ ಮೂರನೇ ಇನ್ನಿಂಗ್ಸ್ ಆಗಿರುತ್ತೆ.

ನನಗೆ ಇದರಲ್ಲಿ ಬೇರೆ ಯಾರೂ ಅಲ್ಲ, ನಮ್ಮ ರಾಹುಲ್ ದ್ರಾವಿಡ್ ನೆನಪಾಗ್ತಾರೆ. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಿತ್ತು ಅಂತ ಕೀಪಿಂಗ್ ಗ್ಲೌಸ್ ಹಾಕ್ಕೊಂಡ್ರು. 50 ಓವರ್ ಕೂತು ಎದ್ದು ಮಾಡಿ ಆಮೇಲೆ ಬ್ಯಾಟಿಂಗ್. ಟೆಸ್ಟ್‌ನಲ್ಲಿ ಓಪನಿಂಗ್ ಮಾಡು ಅಂದಾಗ್ಲೂ ಮಾಡಿದ್ರು. 2023ರ ವಿಶ್ವಕಪ್‌ನಲ್ಲಿ ಕೆ.ಎಲ್. ರಾಹುಲ್ ಕೂಡ ಅದೇ ಕೆಲಸ. ಕರ್ನಾಟಕದ ಕ್ರಿಕೆಟ್ ನೋಡಿ ಬೆಳೆದವನಿಗೆ ಡೆವರ್ಸ್ ಮಾತು ಹೇಗೆ ಸರಿ ಅನ್ಸುತ್ತೆ ಹೇಳಿ?

ಹುಬ್ಬಳ್ಳಿ ಹೂಸ್ಟನ್:
ಅಲ್ರೀ ಜಯನಗರದವರ, ದ್ರಾವಿಡ್ ಅವರನ್ನ ಇದಕ ಯಾಕ ತರ್ತೀರಿ? ಅವರಿಗೆ ಬ್ಯಾಟು ಗ್ಲೌಸು ಎರಡೂ ಕೊಟ್ಟಿದ್ರು. ಇವಂಗ ಗ್ಲೌಸ್ ಕಸ್ಗೊಂಡ್ರು. ಎರಡಕ್ಕೂ ಬಾಳ ಫರಕ ಐತ್ರೀ. ಒಬ್ಬಾಂವಂಗ ನಿನ್ನ ಕೈಲೆ ಇನ್ನೊಂದು ಕೆಲಸಾನೂ ಆಗ್ತದ ಅಂತ ವಿಶ್ವಾಸ ಇಟ್ಟು ಕೇಳಿದ್ರು. ಇನ್ನೊಬ್ಬಾಂವಂಗ ನಿನ್ನ ಕೈಲೆ ಆಗೂದಿಲ್ಲ ಬಿಡು ಅಂದು, ಮುಂದ ಎರಡು ತಿಂಗಳಿಗೆ ಬಂದು ಬೇಡಿದ್ರು.

ಕರಾವಳಿ ಕ್ಯಾಚರ್:
ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೇ.

ಎಡಿಸನ್ ಅಕ್ಕ:
ಸರಿ ಹೇಗೆ? ಡೆವರ್ಸ್ ಥರ್ಡ್ ಬೇಸ್‌ನಲ್ಲಿ ವರ್ಷ ವರ್ಷ ಎಷ್ಟು ಎರರ್ (ಫೀಲ್ಡಿಂಗ್ ತಪ್ಪು) ಮಾಡ್ತಿದ್ದ ಅಂತ ಯಾರೂ ಹೇಳ್ತಿಲ್ಲ. ಬ್ರೆಗ್ಮನ್ 2024ರಲ್ಲಿ ಅದೇ ಜಾಗದಲ್ಲಿ ಗೋಲ್ಡ್ ಗ್ಲೌ (ಫೀಲ್ಡಿಂಗ್ ಪ್ರಶಸ್ತಿ) ಗೆದ್ದವನು. ಯಾರನ್ನ ನಿಲ್ಲಿಸ್ಬೇಕು ಅಂತ ಯಾವ ಕೋಚ್‌ಗೂ ಎರಡು ಸಲ ಯೋಚನೆ ಬರಲ್ಲ.

ಹೊಸ ಪ್ರೇಕ್ಷಕ:
ಒಂದು ಸಂದೇಹ. ನಾನು ಈ ವರ್ಷದಿಂದ ನೋಡ್ತಿದ್ದೀನಿ. ಬರೀ ಬ್ಯಾಟಿಂಗ್ ಮಾಡೋಕೆ ಹೇಗೆ ಬಿಡ್ತಾರೆ? ಮತ್ತೆ ಆಟಗಾರನಿಗೆ ಇಷ್ಟ ಇಲ್ಲದಿದ್ರೂ ಟ್ರೇಡ್ ಮಾಡಬಹುದಾ?

ಕರಾವಳಿ ಕ್ಯಾಚರ್:
ಮೊದಲನೇದು ಸುಲಭ. ಚೆಂಡು ಎಸೆಯುವ ಪಿಚರ್ ಬದಲಿಗೆ ಬ್ಯಾಟ್ ಮಾಡ್ಲಿಕ್ಕೆ ಒಬ್ಬನನ್ನು ಇಟ್ಕೊಳ್ಬಹುದು, ಅವನಿಗೆ ಡಿಎಚ್ ಅಂತಾರೆ. ಲೀಗ್‌ನ ಎರಡು ಭಾಗಗಳಲ್ಲಿ ಅಮೆರಿಕನ್ ಲೀಗ್‌ನಲ್ಲಿ 1973ರಿಂದ ಉಂಟು, ನ್ಯಾಷನಲ್ ಲೀಗ್‌ಗೆ ಕಾಯಂ ಆಗಿ ಬಂದದ್ದು 2022ರಲ್ಲಿ. ಫೀಲ್ಡಿಂಗ್ ಇಲ್ಲ, ತನ್ನ ಸರದಿ ಬರುವವರೆಗೆ ಡಗ್‌ಔಟ್‌ನಲ್ಲಿ ಕೂತಿರೋದು. ಕೆಲವರಿಗೆ ಅದು ಹಿತ, ಕೆಲವರಿಗೆ ಮೈ ಬಿಸಿಯೇ ಆಗೋದಿಲ್ಲ. ಡೆವರ್ಸ್ ಸೀಸನ್ ಶುರುವಿನ ಐದು ಪಂದ್ಯದಲ್ಲಿ 15 ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದ. ಆಮೇಲೆ ಹೊಂದಿಕೊಂಡು ಚೆನ್ನಾಗಿಯೇ ಹೊಡೆದ, ಅದು ಬೇರೆ.

ಎರಡನೇದು ಬೇಜಾರಿನ ವಿಷಯ. ಒಪ್ಪಂದದಲ್ಲಿ ಬರೆಸಿಕೊಳ್ಳದಿದ್ರೆ ಆಟಗಾರನನ್ನು ಕೇಳೋದೇ ಬೇಡ. 1969ರಲ್ಲಿ ಕರ್ಟ್ ಫ್ಲಡ್ ಅನ್ನೋ ಸೇಂಟ್ ಲೂಯಿಸ್ ಆಟಗಾರನನ್ನು ಫಿಲಡೆಲ್ಫಿಯಾಗೆ ಟ್ರೇಡ್ ಮಾಡಿದ್ರು. ನಾನು ಮಾರಾಟದ ಸರಕಲ್ಲ, ಹೋಗೋದಿಲ್ಲ ಅಂತ ನಿಂತ. ಸುಪ್ರೀಂ ಕೋರ್ಟ್‌ವರೆಗೆ ಹೋದ. 1972ರಲ್ಲಿ 5-3ರಲ್ಲಿ ಸೋತ. ಅವನ ಆಟದ ಬದುಕು ಅಷ್ಟರಲ್ಲೇ ಮುಗಿದಿತ್ತು. ಆದ್ರೆ ಅವನ ಹೋರಾಟದಿಂದಲೇ ಒಂದು ನಿಯಮ ಬಂತು: ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೇ 5 ಒಂದೇ ಕ್ಲಬ್‌ನಲ್ಲಿ ಕಳೆದಿದ್ರೆ ಟ್ರೇಡ್ ಬೇಡ ಅನ್ನಬಹುದು. ಡೆವರ್ಸ್ ಲೀಗ್‌ಗೆ ಬಂದದ್ದು 2017ರ ಜುಲೈಯಲ್ಲಿ. ಇನ್ನೆರಡು ವರ್ಷ ಬಾಸ್ಟನ್‌ನಲ್ಲೇ ಇದ್ದಿದ್ರೆ ಅವನನ್ನು ಯಾರೂ ಅಲ್ಲಾಡಿಸ್ಲಿಕ್ಕೆ ಆಗ್ತಿರಲಿಲ್ಲ.

ಹೊಸ ಪ್ರೇಕ್ಷಕ:
ಥ್ಯಾಂಕ್ಸ್. ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ.

ಶ್ರೂಸ್‌ಬರಿ ಸುಬ್ಬಣ್ಣ:
ಕ್ಯಾಚರ್ ಅವರೇ, ಕರ್ಟ್ ಫ್ಲಡ್ ಹೆಸರು ತಂದಿದ್ದು ಒಳ್ಳೇದಾಯ್ತು. ಆ ಹಕ್ಕು ಸಿಗೋ ಮುಂಚೆ ಕಳಿಸಿಬಿಡೋಣ ಅನ್ನೋ ಲೆಕ್ಕ ಕ್ಲಬ್‌ಗೆ ಇದ್ದೇ ಇರುತ್ತೆ. ಮಾಲೀಕ ಜಾನ್ ಹೆನ್ರಿ ಡೆವರ್ಸ್‌ನ ಸಮಾಧಾನ ಮಾಡೋಕೆ ಕಾನ್ಸಾಸ್ ಸಿಟಿಗೇ ವಿಮಾನದಲ್ಲಿ ಹೋದ್ರು, ಪೇಪರ್‌ನಲ್ಲೆಲ್ಲ ಬಂತು. ಅದಾಗಿ ಐದು ವಾರಕ್ಕೆ ಟ್ರೇಡ್. ಸಮಾಧಾನ ಮಾಡೋಕೆ ಹೋಗಿದ್ರೋ, ತೂಕ ನೋಡೋಕೆ ಹೋಗಿದ್ರೋ!

ನೀಲಿ ಟೋಪಿ, ಅರ್ವೈನ್:
ನಾನು ಡಾಡ್ಜರ್ಸ್ ಕಡೆಯವನು. ಎಲ್ಲರೂ ದ್ರಾವಿಡ್ ಅಂತಿದ್ದೀರಿ, ಬೇಸ್‌ಬಾಲ್‌ನಲ್ಲೇ ಉದಾಹರಣೆ ಇದೆ, ಅದೂ ಸುಬ್ಬಣ್ಣ ಸರ್ ಕಳ್ಕೊಂಡ ಮೂಕಿ ಬೆಟ್ಸ್. ರೈಟ್ ಫೀಲ್ಡ್‌ನಲ್ಲಿ ಆರು ಗೋಲ್ಡ್ ಗ್ಲೌ ಗೆದ್ದವನು. ತಂಡಕ್ಕೆ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್) ಬೇಕು ಅಂದಾಗ ಮೂವತ್ತು ದಾಟಿದ ಮೇಲೆ ಆ ಜಾಗ ಕಲಿತ. ಮೈದಾನದಲ್ಲಿ ಅದಕ್ಕಿಂತ ಕಷ್ಟದ ಜಾಗ ಅಂದ್ರೆ ಬ್ಯಾಟ್ಸ್‌ಮನ್ ಹಿಂದೆ ಕೂರೋ ಕ್ಯಾಚರ್ ಒಂದೇ.

2025ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯ ನೆನಪು ಮಾಡ್ಕೊಳ್ಳಿ. ಟೊರಾಂಟೋ, 11ನೇ ಇನ್ನಿಂಗ್ಸ್, ನಾವು 5-4 ಮುಂದೆ. ಒಬ್ಬ ಔಟು, ಬ್ಲೂ ಜೇಸ್‌ನವರು ಫಸ್ಟ್‌ನಲ್ಲೊಬ್ಬ ಥರ್ಡ್‌ನಲ್ಲೊಬ್ಬ. ನಮ್ಮ ಪಿಚರ್ ಯಮಮೊಟೊ ಹಿಂದಿನ ದಿನ ಪಂದ್ಯ ಶುರು ಮಾಡಿದವನೇ ಮತ್ತೆ ಬಂದು ಎಸೀತಿದ್ದ. ಅವರ ಅಲೆಹಾಂಡ್ರೋ ಕರ್ಕ್ ಬ್ಯಾಟ್ ಮುರಿದು ಚೆಂಡು ನೆಲದ ಮೇಲೆ ಬಂತು ಬೆಟ್ಸ್ ಕಡೆಗೆ. ಹಿಡಿದ, ಓಡ್ತಾ ಬಂದು ತಾನೇ ಸೆಕೆಂಡ್ ಬೇಸ್ ತುಳಿದ, ಅಲ್ಲಿಂದ್ಲೇ ಫಸ್ಟ್‌ಗೆ ಫ್ರೀಮನ್ ಕೈಗೆ ಎಸೆದ. ಡಬಲ್ ಪ್ಲೇ, ಒಂದೇ ಏಟಿಗೆ ಇಬ್ಬರು ಔಟು, ಕಪ್ಪು ನಮ್ಮದು. ಸೀಸನ್ ಪೂರ್ತಿ ಅವನ ಬ್ಯಾಟಿಂಗ್ ಬಿದ್ದಿತ್ತು, ಆದ್ರೂ ಆ ಜಾಗದಲ್ಲಿ ಕಾಲು ಗಟ್ಟಿಯಾಗಿತ್ತು. ಡೆವರ್ಸ್ ಇಂಥದ್ದನ್ನ ಮಾಡೋಕೆ ಒಪ್ಪಿದ್ದಿದ್ರೆ ಇವತ್ತು ಬಾಸ್ಟನ್‌ನಲ್ಲಿ ಅವನ ಪ್ರತಿಮೆ ಬಗ್ಗೆ ಮಾತಾಡ್ತಿದ್ರು.

ಜಯನಗರ 4ನೇ ಬ್ಲಾಕ್:
ಆ ಪಂದ್ಯ! ನಮಗೆ ನವೆಂಬರ್ 2ರ ಭಾನುವಾರ ಬೆಳಗ್ಗೆ 5:30ಕ್ಕೆ ಶುರು. ಅದು ಮುಗಿದು ಸ್ನಾನ, ತಿಂಡಿ. ಸಂಜೆ ನವಿ ಮುಂಬೈನಲ್ಲಿ ಮಹಿಳಾ ವಿಶ್ವಕಪ್ ಫೈನಲ್, ಮಳೆಯಿಂದ ತಡವಾಗಿ ಶುರುವಾಗಿ ನಡುರಾತ್ರಿಗೆ ನಮ್ಮ ಹುಡುಗೀರು ದಕ್ಷಿಣ ಆಫ್ರಿಕಾನ 52 ರನ್‌ನಲ್ಲಿ ಸೋಲಿಸಿದ್ರು. ಒಂದೇ ದಿನದಲ್ಲಿ ಇವೆರಡನ್ನೂ ನೋಡಿದ್ದು ಜನ್ಮಕ್ಕೆ ಸಾಕು.

ಕರಾವಳಿ ಕ್ಯಾಚರ್:
ದೀಪ್ತಿ ಶರ್ಮಾ 5 ವಿಕೆಟ್! ಅವತ್ತು ನಮ್ಮ ಬೀದಿಯಲ್ಲಿ ಮಲಗಿದವರೇ ಇಲ್ಲ.

ಹುಬ್ಬಳ್ಳಿ ಹೂಸ್ಟನ್:
ನೀಲಿ ಟೋಪಿಯವರ, ಬೆಟ್ಸ್ ದೊಡ್ಡ ಆಟಗಾರ, ಒಪ್ಪೇನಿ. ಖರೆ, ನಿಮ್ಮ ಕ್ಲಬ್ಬಿಗೆ ಆಟ ಗೆಲ್ಲಾಕ ರೊಕ್ಕಾನ ಸಾಕಲ್ರೀ. ನಿಮ್ಮ ಆಟಗಾರ ಒಟಾನಿಗೆ 70 ಕೋಟಿ ಡಾಲರ್ ಅಂತೀರಿ, ಅದರಾಗ 68 ಕೋಟಿ 2034ರಿಂದ 2043ರ ತನಕ ಕೊಡೂದು. ಈಗ ವರ್ಷಕ್ಕ 20 ಲಕ್ಷ ಕೊಟ್ಟು ಉಳಿದ ರೊಕ್ಕದಾಗ ಮತ್ತ ನಾಲ್ಕು ಮಂದಿ ತರ್ತೀರಿ. ಸಣ್ಣ ಊರಿನ ತಂಡದವರು ಏನ್ ಮಾಡಬೇಕ್ರೀ?

ನೀಲಿ ಟೋಪಿ, ಅರ್ವೈನ್:
ಹುಬ್ಬಳ್ಳಿಯವರೇ, ಹಾಗೆ ಮುಂದೂಡೋದು ನಿಯಮದ ಒಳಗೇ ಇದೆ. ಐಷಾರಾಮಿ ತೆರಿಗೆ (ಸಂಬಳದ ಮಿತಿ ದಾಟಿದ ಕ್ಲಬ್ ಕಟ್ಟೋದು) ಲೆಕ್ಕದಲ್ಲಿ ಒಟಾನಿದು ವರ್ಷಕ್ಕೆ 4.6 ಕೋಟಿ ಡಾಲರ್ ಅಂತಲೇ ಹಿಡೀತಾರೆ, 20 ಲಕ್ಷ ಅಂತ ಅಲ್ಲ. ಬೇರೆ ಮಾಲೀಕರಿಗೂ ಯಾರೂ ಬೇಡ ಅಂದಿಲ್ಲ. ಖರ್ಚು ಮಾಡೋಕೆ ಮನಸ್ಸಿಲ್ಲದವರು ನಮ್ಮ ಮೇಲೆ ಗೂಬೆ ಕೂರಿಸ್ತಾರೆ. ಮತ್ತೆ ಹೂಸ್ಟನ್‌ನವರು ನ್ಯಾಯದ ಮಾತಾಡ್ತಿದ್ದೀರಿ, 2017ರ ಕಪ್ಪು ಹೇಗೆ ಬಂತು ಅಂತ ಎಲ್ಲರಿಗೂ ಗೊತ್ತು. ಕ್ಯಾಮೆರಾದಲ್ಲಿ ಕ್ಯಾಚರ್ ಸನ್ನೆ ಕದ್ದು ಕಸದ ಡಬ್ಬ ಬಡಿದು ಬ್ಯಾಟ್ಸ್‌ಮನ್‌ಗೆ ಹೇಳ್ತಿದ್ರಿ. ಆ ಫೈನಲ್‌ನಲ್ಲಿ ಸೋತವರು ನಾವು.

ಹುಬ್ಬಳ್ಳಿ ಹೂಸ್ಟನ್:
ಅದನ್ನ ನಾ ಯಾವತ್ತೂ ಸಮರ್ಥನಿ ಮಾಡಿಲ್ಲ. ತಪ್ಪು ತಪ್ಪ ರೀ. ಮ್ಯಾನೇಜರ್ ಹಿಂಚ್, ಜನರಲ್ ಮ್ಯಾನೇಜರ್ ಲೂನೌ ಇಬ್ಬರನ್ನೂ ಒಂದು ವರ್ಷ ಹೊರಗ ಹಾಕಿದ್ರು, 50 ಲಕ್ಷ ಡಾಲರ್ ದಂಡಾ ಬಿತ್ತು. ಆಡಿದವರಿಗೆ ಏನೂ ಆಗ್ಲಿಲ್ಲ, ಅದು ನನಗೂ ಸರಿ ಅನಿಸಂಗಿಲ್ಲ. ಆದ್ರ ಸುಬ್ಬಣ್ಣಾರ ವಿಷಯಕ್ಕೂ ಇದಕ್ಕೂ ಒಂದು ಸಂಬಂಧ ಐತಿ ನೋಡ್ರಿ. ಆ ತಂಡದಾಗ ಬೆಂಚ್ ಕೋಚ್ ಇದ್ದಾಂವ ಅಲೆಕ್ಸ್ ಕೋರಾ, ಥರ್ಡ್ ಬೇಸ್ ಆಡ್ತಿದ್ದಾಂವ ಬ್ರೆಗ್ಮನ್. 2025ರಾಗ ಕೋರಾ ಬಾಸ್ಟನ್ ಮ್ಯಾನೇಜರ್ ಇದ್ದ. ತನ್ನ ಹಳೇ ಹುಡುಗನ್ನ ತಂದು ಡೆವರ್ಸ್ ಜಾಗಾದಾಗ ನಿಲ್ಲಿಸಿದ್ರ ಡೆವರ್ಸ್‌ಗ ಹೆಂಗ ಅನಿಸಿರಬೇಕು?

ಶ್ರೂಸ್‌ಬರಿ ಸುಬ್ಬಣ್ಣ:
ಕೋರಾ ಮೇಲೆ ನಾನು ಆ ಆರೋಪ ಹೊರಿಸಲ್ಲ. 2018ರ ಕಪ್ಪು ತಂದುಕೊಟ್ಟವರು, ಡೆವರ್ಸ್‌ನ ಮಗನ ಹಾಗೆ ನೋಡ್ಕೊಂಡವರು. ಆದ್ರೆ ಡೆವರ್ಸ್ ಒಪ್ಪಂದ ಮಾಡಿದ್ದು ಕ್ಲಬ್‌ನ ಆಗಿನ ಬೇಸ್‌ಬಾಲ್ ಮುಖ್ಯಸ್ಥ ಕೈಮ್ ಬ್ಲೂಮ್, ಅವರನ್ನ 2023ರಲ್ಲೇ ತೆಗೆದ್ರು. ಆಮೇಲೆ ಬಂದ ಕ್ರೆಗ್ ಬ್ರೆಸ್ಲೋಗೆ ಹಳಬರು ಕೊಟ್ಟ ಮಾತಿನ ಹೊಣೆ ಬೇಕಿರಲಿಲ್ಲ. ನನ್ನ ಸಿಟ್ಟು ಇರೋದು ಅಲ್ಲಿ. ಕುರ್ಚಿಗೆ ಯಾರೇ ಬರಲಿ, ಕ್ಲಬ್ ಕೊಟ್ಟ ಮಾತು ಕ್ಲಬ್‌ದೇ.

ಸನ್ನಿವೇಲ್ ಗೌಡ:
ಆ ಮಾತು ಒಪ್ತೀನಿ.

ಎಡಿಸನ್ ಅಕ್ಕ:
ಭಾವನೆ ಬಿಟ್ಟು ಫಲಿತಾಂಶ ನೋಡೋಣ. ಟ್ರೇಡ್ ದಿನ ರೆಡ್ ಸಾಕ್ಸ್ 37 ಗೆದ್ದು 36 ಸೋತಿತ್ತು. ಕೊನೆಗೆ 89-73, ಪ್ಲೇ ಆಫ್ ಸೇರಿತು. ಜುಲೈನಲ್ಲಿ ಸತತ 10 ಗೆದ್ರು. ಜಾಗ ಖಾಲಿಯಾಗಿದ್ದಕ್ಕೆ ರೋಮನ್ ಆಂಥನಿ ಅನ್ನೋ ಹುಡುಗ ದಿನಾ ಆಡಿ ಬೆಳೆದ. ಆ ಕಡೆ ಜೈಂಟ್ಸ್ 81-81, ಮ್ಯಾನೇಜರ್ ಬಾಬ್ ಮೆಲ್ವಿನ್ ಕೆಲಸವೂ ಹೋಯ್ತು. ಯಾರು ಗೆದ್ರು ನೀವೇ ಹೇಳಿ.

ಸನ್ನಿವೇಲ್ ಗೌಡ:
ಅಕ್ಕಾ, ಅದಕ್ಕೆ ಡೆವರ್ಸ್ ಹೇಗೆ ಕಾರಣ? ಎರಡೂ ಊರು ಸೇರಿ 163 ಪಂದ್ಯ ಆಡಿದ, 162ರ ಸೀಸನ್‌ನಲ್ಲಿ! 35 ಹೋಮ್ ರನ್. ನಮ್ಮ ಬುಲ್‌ಪೆನ್‌ನ (ಪಂದ್ಯದ ಮಧ್ಯೆ ಬಂದು ಎಸೆಯೋ ಪಿಚರ್‌ಗಳನ್ನ) ಜುಲೈ ಕೊನೆಗೆ ನಾವೇ ಮಾರಿಕೊಂಡ್ವಿ, ಡೋವಲ್ ನಿಮ್ಮ ಯಾಂಕೀಸ್‌ಗೇ ಬಂದ. ಟ್ರೇಡ್ ಆದ ವಾರದೊಳಗೇ ರೆಡ್ ಸಾಕ್ಸ್ ಇಲ್ಲಿಗೆ ಬಂದಿತ್ತು, ಓರಾಕಲ್ ಪಾರ್ಕ್‌ನಲ್ಲಿ ಬ್ರಾಯನ್ ಬೆಯೋ ಎಸೆದ ಚೆಂಡನ್ನ ಎಡಗಡೆ ಗೋಡೆ ದಾಟಿಸಿದ. ಎಡಗೈ ಬ್ಯಾಟ್ಸ್‌ಮನ್ ಆ ದಿಕ್ಕಿಗೆ ಹಾಗೆ ಹೊಡೆಯೋದು ಸುಲಭ ಅಲ್ಲ. ಪೂರ್ತಿ ಸ್ಟೇಡಿಯಂ ಎದ್ದು ನಿಂತಿತ್ತು. ಆ ಪಂದ್ಯ 3-2 ಗೆದ್ವಿ, ಸರಣೀನೂ ನಮ್ಮದೇ.

ಇನ್ನೊಂದು ಮಾತು. ಡೆವರ್ಸ್ ಬದಲಿಗೆ ನಾವು ಕೊಟ್ಟ ಪಿಚರ್ ಕೈಲ್ ಹ್ಯಾರಿಸನ್ ನಮ್ಮ ಸ್ಯಾನ್ ಹೋಸೆಯಲ್ಲಿ ಹುಟ್ಟಿದ ಹುಡುಗ. ಟ್ರೇಡ್ ಆದ ರಾತ್ರಿ ಡಾಡ್ಜರ್ಸ್ ಮೇಲೆ ಅವನೇ ಪಿಚ್ ಮಾಡಬೇಕಿತ್ತು. ಇನ್ನೇನು ಪಂದ್ಯ ಶುರು ಅನ್ನೋವಾಗ ಅವನನ್ನ ತೆಗೆದು ಹೇಳಿದ್ರು. ಅದು ನನಗೆ ಈಗಲೂ ಬೇಜಾರು.

ಶ್ರೂಸ್‌ಬರಿ ಸುಬ್ಬಣ್ಣ:
ಆ ಹ್ಯಾರಿಸನ್‌ನ ಇಲ್ಲಿಗೆ ತಂದು ಸೀದಾ ನಮ್ಮ ಪಕ್ಕದ ವೂಸ್ಟರ್‌ಗೆ ಕಳಿಸಿದ್ರು, ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್ ಎ ತಂಡಕ್ಕೆ. ಪೋಲಾರ್ ಪಾರ್ಕ್‌ಗೆ ಮಗಳ ಜೊತೆ ನೋಡೋಕೆ ಹೋಗಿದ್ದೆ. ಒಳ್ಳೇ ಕೈ, ಚೆಂಡು ಹೊರಗಿನ ಅಂಚಿಗೆ ಜಾರೋದು ನೋಡೋಕೇ ಚೆಂದ. ಆದ್ರೆ ಡೆವರ್ಸ್ ಬದಲಿಗೆ ಬಂದವನು ಸೆಪ್ಟೆಂಬರ್‌ವರೆಗೂ ಅಲ್ಲೇ ಇದ್ದ! ಅದೇ ಟ್ರೇಡ್‌ನಲ್ಲಿ ಪಿಚರ್ ಹಿಕ್ಸ್ ಬಂದು ಸಿಕ್ಕಾಪಟ್ಟೆ ಹೊಡೆಸಿಕೊಂಡ. ಜೊತೆಗೆ ಬಂದ ಟಿಬ್ಸ್‌ನ ಆರು ವಾರದಲ್ಲೇ ಡಸ್ಟಿನ್ ಮೇ ಬದಲಿಗೆ ಡಾಡ್ಜರ್ಸ್‌ಗೆ ಕೊಟ್ರು. ಅಕ್ಕಾ, 89 ಗೆಲುವು ಈ ಟ್ರೇಡ್‌ನಿಂದ ಬಂದಿದ್ದಲ್ಲ, ನಮ್ಮ ಪಿಚರ್ ಕ್ರೋಶೆ ಕೈಯಿಂದ ಬಂದಿದ್ದು. ಅಕ್ಟೋಬರ್‌ನ ಪ್ಲೇ ಆಫ್‌ನಲ್ಲಿ ನಿಮ್ಮ ಯಾಂಕೀಸ್ ಮೈದಾನದಲ್ಲೇ ಕೊನೇ ಪಂದ್ಯ 4-0 ಸೋತ್ವಿ. ಒಂದು ರನ್ ಇಲ್ಲ. ಆ ರಾತ್ರಿ ನಮಗೆ ಬೇಕಿದ್ದಿದ್ದು ಡೆವರ್ಸ್ ಬ್ಯಾಟು.

ಎಡಿಸನ್ ಅಕ್ಕ:
ನಮ್ಮ ಪಿಚರ್ ಷ್ಲಿಟ್ಲರ್ 12 ಸ್ಟ್ರೈಕ್‌ಔಟ್ ತಗೊಂಡ ರಾತ್ರಿ ಅದು. ಅವತ್ತು ಯಾರು ನಿಂತಿದ್ರೂ ಅಷ್ಟೇ. ಆ ಹುಡುಗ ಬೆಳೆದಿದ್ದೇ ನಿಮ್ಮ ಮ್ಯಾಸಚೂಸೆಟ್ಸ್‌ನಲ್ಲಿ.

ಕರಾವಳಿ ಕ್ಯಾಚರ್:
ಬಾಸ್ಟನ್‌ಗೆ ಇದೊಂದು ಹಳೇ ಶಾಪ. 1919ರ ಕೊನೆಗೆ ಬೇಬ್ ರೂತ್‌ನ ಯಾಂಕೀಸ್‌ಗೆ ಮಾರಿದ್ರು, 1918ರ ನಂತರ ಮತ್ತೆ ಕಪ್ಪು ನೋಡ್ಲಿಕ್ಕೆ 2004 ಬರಬೇಕಾಯ್ತು.

ಜಯನಗರ 4ನೇ ಬ್ಲಾಕ್:
ಕ್ಯಾಚರ್ ಅವರೇ, 2004 ಹೇಳಿದ್ರಲ್ಲ, ಅದೇ ವರ್ಷದ ಇನ್ನೊಂದು ಕಥೆ ಬಿಟ್ರಿ. ಬಾಸ್ಟನ್ ಜನ ತಲೆ ಮೇಲೆ ಹೊತ್ತು ತಿರುಗ್ತಿದ್ದ ನೋಮರ್ ಗಾರ್ಸಿಯಾಪಾರಾನ ಆ ಜುಲೈ 31ಕ್ಕೆ ಶಿಕಾಗೋ ಕಬ್ಸ್‌ಗೆ ಟ್ರೇಡ್ ಮಾಡಿದ್ರು. ಊರೆಲ್ಲ ಬೈತು. ಬದಲಿಗೆ ಬಂದ ಕ್ಯಾಬ್ರೇರಾ ಶಾರ್ಟ್‌ಸ್ಟಾಪ್‌ನಲ್ಲಿ ನಿಂತ, ಮೂರು ತಿಂಗಳಿಗೆ ವರ್ಲ್ಡ್ ಸೀರೀಸ್ ಗೆದ್ರು. ಅಚ್ಚುಮೆಚ್ಚಿನವನು ಹೋದ ಅಂತ ಯಾವಾಗಲೂ ಕೆಟ್ಟದ್ದೇ ಆಗಬೇಕಿಲ್ಲ.

ಶ್ರೂಸ್‌ಬರಿ ಸುಬ್ಬಣ್ಣ:
ಸರ್, ನೋಮರ್‌ಗೆ ಬದಲಾಗಿ ಅವತ್ತಿಗೆ ಬೇಕಾದ ಆಟಗಾರರು ಬಂದ್ರು. ಮೂಕಿಗೆ ಬದಲಾಗಿ ಯಾರು ಬಂದ್ರು? ವರ್ಡುಗೋ ನಾಲ್ಕು ಸೀಸನ್ ಆದ್ಮೇಲೆ ಯಾಂಕೀಸ್‌ಗೆ ಹೋದ, ಜೀಟರ್ ಡೌನ್ಸ್ ನಿಲ್ಲಲಿಲ್ಲ, 2025ರಲ್ಲಿ ಕಾನರ್ ವಾಂಗ್ ಒಬ್ಬ ಉಳಿದಿದ್ದ. ಮೂಕಿ ಅಲ್ಲಿ ಮೂರು ಕಪ್ಪು ಗೆದ್ದ. ಸಂಬಳ ಉಳಿಸೋಕೆ ಮಾಡೋ ಟ್ರೇಡು, ಗೆಲ್ಲೋಕೆ ಮಾಡೋ ಟ್ರೇಡು ಎರಡೂ ಒಂದೇ ತಕ್ಕಡೀಲಿ ತೂಗಬೇಡಿ.

ಹೊಸ ಪ್ರೇಕ್ಷಕ:
ಹಾಗಾದ್ರೆ ಬ್ರೆಗ್ಮನ್ ಆದ್ರೂ ಇದ್ದಾನಲ್ಲ?

ಸನ್ನಿವೇಲ್ ಗೌಡ:
ಇಲ್ಲ, 2025ರ ಸೀಸನ್ ಮುಗಿದ ಮೇಲೆ ಅವನೂ ಒಪ್ಪಂದದಿಂದ ಹೊರಗೆ ಬಂದ. ಒಂದೇ ವರ್ಷಕ್ಕೆ ಹೊರಡೋ ಹಕ್ಕು ಬರೆಸಿಕೊಂಡಿದ್ದ. ಆಮೇಲೆ ಯಾವ ತಂಡ ಬೇಕಾದ್ರೂ ಕರೀಬಹುದಿತ್ತು.

ಹುಬ್ಬಳ್ಳಿ ಹೂಸ್ಟನ್:
ಯಾರ ಸಲುವಾಗಿ ಡೆವರ್ಸ್‌ನ ಮೂಲಿಗ ಕೂಡಿಸಿದ್ರೋ ಅಂವನೂ ಬಾಗಲಾ ದಾಟಿದ. ಇನ್ನ ಥರ್ಡ್ ಬೇಸ್‌ಗೆ ಯಾರನ್ನ ನಿಲ್ಲಸ್ತೀರಿ ಸುಬ್ಬಣ್ಣಾರ?

ಶ್ರೂಸ್‌ಬರಿ ಸುಬ್ಬಣ್ಣ:
ಕೇಳಿದ್ದಷ್ಟು ಕೊಟ್ಟು ಬ್ರೆಗ್ಮನ್‌ನೇ ಉಳಿಸ್ಕೊಬೇಕಿತ್ತು. ಮಾರ್ಸೆಲೋ ಮೇಯರ್ ಇದ್ದಾನೆ, ಒಳ್ಳೇ ಹುಡುಗ, ಆದ್ರೆ 2025ರಲ್ಲಿ ಮಣಿಕಟ್ಟಿನ ಆಪರೇಷನ್ ಆಯ್ತು. ಅವನೊಬ್ಬನ ಮೇಲೆ 162 ಪಂದ್ಯದ ಭಾರ ಹಾಕೋದು ಸರಿಯಲ್ಲ.

ಎಡಿಸನ್ ಅಕ್ಕ:
ಬ್ರೆಗ್ಮನ್‌ಗೆ ಐದು ವರ್ಷಕ್ಕಿಂತ ಕಮ್ಮಿ ಕೊಟ್ಟಿದ್ರೆ ಬರ್ತಿರಲಿಲ್ಲ. ಬ್ರೆಸ್ಲೋ ಅಷ್ಟು ಉದ್ದ ಹೋಗೋ ಮನುಷ್ಯ ಅಲ್ಲ.

ಶ್ರೂಸ್‌ಬರಿ ಸುಬ್ಬಣ್ಣ:
ಐದೇ ಕೊಡಬೇಕಿತ್ತು ಅಕ್ಕಾ. ಡೆವರ್ಸ್ ಸಂಬಳ ಅಷ್ಟು ಉಳಿದಿತ್ತಲ್ಲ, ಆ ದುಡ್ಡು ಹೊರಗೆ ತೆಗೀಬೇಕಿತ್ತು.